ಜಿಮ್ ಮುಚ್ಚಿದ್ದ ದಿನಗಳನ್ನು ಕೊನೆಗೆ ಸೇರಿಸಿ ಕೊಟ್ಟರೆ ಸಾಕಾ? ಕರಾರು ಕಾನೂನಿನ ಒಂದು ಟಿಪ್ಪಣಿ

ಜಿಮ್ ಮೆಂಬರ್‌ಶಿಪ್ ಫ್ರೀಜ್ ಆಗುವುದು ಎರಡು ಥರ. ಕಾಲು ಉಳುಕಿದೆ, ಎರಡು ತಿಂಗಳು ಊರಲ್ಲಿರಬೇಕು ಅಂತ ನೀವೇ ಕೇಳಿ ನಿಲ್ಲಿಸುವುದು ಒಂದು. ಜಿಮ್ಮಿನವರು ತಾವೇ ಬಾಗಿಲು ಹಾಕಿ, ‘ಅಷ್ಟು ದಿನ ಕೊನೆಗೆ ಸೇರಿಸಿ ಕೊಡ್ತೀವಿ’ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಒಪ್ಪಿಗೆ ಇದೆ, ಹಾಗಾಗಿ ಅವಧಿ ಮುಂದಕ್ಕೆ ಹೋದರೆ ತಕರಾರಿಲ್ಲ. ಎರಡನೆಯದರಲ್ಲಿ ಆ ಒಪ್ಪಿಗೆಯನ್ನು ಯಾರೂ ಕೇಳಿಯೇ ಇಲ್ಲ. ಗಲಾಟೆಯೆಲ್ಲ ಇಲ್ಲೇ.

ಇದನ್ನು ಓದಿಕೊಳ್ಳೋಕೆ ನನಗೆ ಗೊತ್ತಿರುವ ಒಳ್ಳೆಯ ಕೇಸು ಜರ್ಮನಿಯದು. ಒಬ್ಬರು 24 ತಿಂಗಳ ಕರಾರಿಗೆ ಸಹಿ ಹಾಕಿದ್ದರು. ಅದು ಶುರುವಾದದ್ದು 2019ರ ಡಿಸೆಂಬರ್ 8ಕ್ಕೆ, ಶುಲ್ಕ ತಿಂಗಳಿಗೆ 29.90 ಯೂರೋ. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 16ರಿಂದ ಜೂನ್ 4ರವರೆಗೆ ಆ ಜಿಮ್ ಮುಚ್ಚಿತ್ತು. ದುಡ್ಡು ಮಾತ್ರ ಬ್ಯಾಂಕ್ ಖಾತೆಯಿಂದ ತಪ್ಪದೆ ಕಡಿತವಾಗುತ್ತಲೇ ಇತ್ತು. ಸದಸ್ಯರು ಆ ಹಣ ವಾಪಸ್ ಕೇಳಿದರು, ಸಿಗಲಿಲ್ಲ. ಆಮೇಲೆ ಅಷ್ಟು ಮೊತ್ತದ ವೋಚರ್ ಆದರೂ ಕೊಡಿ ಅಂದರು. ಅದೂ ಇಲ್ಲ. ಜಿಮ್ ಕೊಡಲು ಬಂದದ್ದು ಹಣವನ್ನಲ್ಲ, ತರಬೇತಿಯ ಸಮಯವನ್ನು. ಸದಸ್ಯರು ಅದನ್ನು ಒಪ್ಪಲಿಲ್ಲ.

ಪಾಪೆನ್‌ಬುರ್ಗ್‌ನ ಸ್ಥಳೀಯ ಕೋರ್ಟು 86.75 ಯೂರೋ ಹಿಂತಿರುಗಿಸಿ ಎಂದಿತು. ಓಸ್ನಾಬ್ರ್ಯೂಕ್‌ನಲ್ಲಿ ಜಿಮ್ಮಿನ ಮೇಲ್ಮನವಿ ಬಿದ್ದುಹೋಯಿತು. ಕೊನೆಗೆ ಕಾರ್ಲ್ಸ್‌ರೂಹೆಯ ಫೆಡರಲ್ ಸುಪ್ರೀಂ ಕೋರ್ಟು 2022ರ ಮೇ 4ರಂದು ಅದೇ ತೀರ್ಪನ್ನು ಎತ್ತಿಹಿಡಿಯಿತು. ಮೊತ್ತ ಚಿಕ್ಕದು, ಆದರೆ ಇಂಥ ಕರಾರು ಮಾಡಿಕೊಂಡವರು ಲೆಕ್ಕವಿಲ್ಲದಷ್ಟು ಜನ. ಆದ್ದರಿಂದಲೇ ಈ ತೀರ್ಪಿಗೆ ತೂಕ.

ಕೋರ್ಟಿನ ತರ್ಕವನ್ನು ನಿಧಾನವಾಗಿ ನೋಡಿ. ಜಿಮ್ಮಿಗೆ ಸೇರುವವರು ಎಷ್ಟೋ ಗಂಟೆಗಳ ಮೂಟೆ ಕೊಂಡುಕೊಳ್ಳುವುದಿಲ್ಲ. ಈ ಅವಧಿಯಲ್ಲಿ ಬಿಡದೆ ವ್ಯಾಯಾಮ ಮಾಡಬೇಕು, ಮೈ ಹದಕ್ಕೆ ಬರಬೇಕು, ಬಂದ ಹದ ಉಳಿಯಬೇಕು ಅಂತ ಸೇರುತ್ತಾರೆ. ಹಾಗಾಗಿ ಏಪ್ರಿಲ್ ತಿಂಗಳ ಸೇವೆಯನ್ನು ಏಪ್ರಿಲ್‌ನಲ್ಲೇ ಕೊಡಬೇಕು. ಆ ತಿಂಗಳು ಕಳೆದ ಮೇಲೆ ಅದನ್ನು ತುಂಬಿಕೊಡಲು ಬರುವುದಿಲ್ಲ. ಕಾನೂನಿನ ಕಣ್ಣಲ್ಲಿ ಇದು ವಿಳಂಬವಲ್ಲ, ಅಸಾಧ್ಯತೆ. ಜರ್ಮನ್ ನಾಗರಿಕ ಸಂಹಿತೆಯ ಕಲಂ 275ರ ಪ್ರಕಾರ ಅಸಾಧ್ಯವಾದ ಸೇವೆಯನ್ನು ಕೊಡಬೇಕಾಗಿಲ್ಲ. ಆದರೆ ಕಲಂ 326ರ ಪ್ರಕಾರ ಅದರ ಬೆಲೆಯನ್ನೂ ಕೇಳುವಂತಿಲ್ಲ, ಈಗಾಗಲೇ ತೆಗೆದುಕೊಂಡಿದ್ದರೆ ವಾಪಸ್ ಕೊಡಬೇಕು. ಇಲ್ಲಿ ಜಿಮ್ಮಿನದು ತಪ್ಪೇ ಇರಲಿಲ್ಲ, ಸರ್ಕಾರವೇ ಮುಚ್ಚಿಸಿತ್ತು. ಆದರೂ ಹಣ ವಾಪಸ್. ತಪ್ಪಿದ್ದರೆ ಮಾತ್ರ ಮರುಪಾವತಿ ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ.

ಪರಿಸ್ಥಿತಿ ಬದಲಾಗಿದೆ, ಆದ್ದರಿಂದ ಕಲಂ 313ರ ಪ್ರಕಾರ ಕರಾರನ್ನು ಹೊಂದಿಸಿ ಅವಧಿ ಮುಂದೂಡಿ ಎಂಬ ವಾದವೂ ಇತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ಅಸಾಧ್ಯತೆಯ ನಿಯಮ ಇರುವ ಕಡೆ 313ಕ್ಕೆ ಜಾಗವಿಲ್ಲ. ಅದೂ ಅಲ್ಲದೆ, ಸಂಕಟದಲ್ಲಿದ್ದ ಜಿಮ್‌ಗಳಿಗೆ ಅಂತಲೇ ಸಂಸತ್ತು 2020ರಲ್ಲಿ ಒಂದು ದಾರಿ ಮಾಡಿಕೊಟ್ಟಿತ್ತು: ಹಣದ ಬದಲು ವೋಚರ್ ಕೊಡಬಹುದು, ಬಳಸದೆ ಉಳಿದರೆ 2021ರ ಕೊನೆಯ ನಂತರ ಸದಸ್ಯರು ಹಣವನ್ನೇ ಕೇಳಬಹುದು. ಈ ಜಿಮ್ ಆ ದಾರಿಯನ್ನು ಹಿಡಿಯಲೇ ಇಲ್ಲ.

ಅಲ್ಲಿ ಓದುತ್ತಿರುವ, ಕೆಲಸದಲ್ಲಿರುವ ನಮ್ಮವರಿಗೆ ಇನ್ನೆರಡು ತೀರ್ಪು ಗೊತ್ತಿರಲಿ. ಕಾಯಿಲೆ ಬಿದ್ದು ಜಿಮ್ಮನ್ನು ಬಳಸಲಾಗದಿದ್ದರೆ ಕರಾರನ್ನೇ ಮುರಿಯಬಹುದು. ಕಾಯಿಲೆ ಯಾವುದು, ಎಷ್ಟು ಜೋರು ಎಂದೆಲ್ಲ ವೈದ್ಯರ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ ಎಂಬ ಷರತ್ತು ನಿಲ್ಲುವುದಿಲ್ಲ (2012). ಆದರೆ ಬೇರೆ ಊರಿಗೆ ಮನೆ ಬದಲಾಯಿಸಿದ್ದು ಮಾತ್ರ ಸಾಮಾನ್ಯವಾಗಿ ಕಾರಣವಾಗದು (2016). ಒಂದೇ ವರ್ಷದಲ್ಲಿ ನಗರ ಬದಲಾಯಿಸುವ ವಿದ್ಯಾರ್ಥಿಗಳು ಎರಡು ವರ್ಷದ ಕರಾರಿಗೆ ಸಹಿ ಹಾಕುವ ಮುಂಚೆ ಇದನ್ನು ಯೋಚಿಸಲೇಬೇಕು.

ಈಗ ನಮ್ಮ ಕಾನೂನಿಗೆ ಬರೋಣ. 1872ರ ಭಾರತೀಯ ಕರಾರು ಅಧಿನಿಯಮದ ಕಲಂ 63 ತೆಗೆದು ನೋಡಿ. ಕರಾರು ನೆರವೇರಿಸುವ ಸಮಯವನ್ನು ವಿಸ್ತರಿಸುವ ಅಧಿಕಾರ ಅದು ಕೊಟ್ಟಿರುವುದು ಯಾರಿಗೆ? ಮಾತು ಕೊಟ್ಟವರಿಗಲ್ಲ, ಮಾತು ಪಡೆದವರಿಗೆ. ಸೇವೆಯ ವಿಷಯದಲ್ಲಿ ಮಾತು ಪಡೆದವರು ಸದಸ್ಯರು. ಕೇಶವಲಾಲ್ ಲಲ್ಲುಭಾಯಿ ಪಟೇಲ್ ಪ್ರಕರಣದಲ್ಲಿ (1958) ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಸ್ತರಣೆಗೆ ಇಬ್ಬರ ಒಪ್ಪಿಗೆಯೂ ಬೇಕು ಎಂದಿದೆ. ಹೇಗೆ ಓದಿದರೂ, ಜಿಮ್ ಒಂದೇ ಕೂತು ‘ನಿಮ್ಮ ಪ್ಯಾಕೇಜ್ ಎಕ್ಸ್‌ಟೆಂಡ್ ಆಗಿದೆ’ ಅಂತ ತೀರ್ಮಾನ ಮಾಡುವ ಹಾಗಿಲ್ಲ ಎಂಬುದು ನನ್ನ ಓದು.

ಆದರೆ ಸುಮ್ನೆ ಇದ್ದುಬಿಟ್ಟರೆ ಕಷ್ಟ. ವಾಟ್ಸಾಪ್‌ನಲ್ಲಿ ಅಂಥ ಮೆಸೇಜು ಬಂದು, ನೀವು ಉತ್ತರ ಕೊಡದೆ, ಸೇರಿಸಿಕೊಟ್ಟ ತಿಂಗಳಲ್ಲಿ ವ್ಯಾಯಾಮಕ್ಕೂ ಹೋದರೆ, ಒಪ್ಪಿದ್ದೀರಿ ಅಂತಲೇ ಎದುರು ಪಕ್ಷ ವಾದಿಸುತ್ತದೆ. ‘ಅವಧಿ ವಿಸ್ತರಣೆಗೆ ನನ್ನ ಒಪ್ಪಿಗೆ ಇಲ್ಲ. ಮುಚ್ಚಿದ್ದ ದಿನಗಳ ಹಣ ವಾಪಸ್ ಕೊಡಿ’ – ಇಷ್ಟು ಎರಡು ಸಾಲನ್ನು ಕೂಡಲೇ ಬರೆದು ಕಳಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಸೀದಿ, ಅರ್ಜಿ ಫಾರಂ ಕೂಡ ಜೋಪಾನ.

‘ಒಮ್ಮೆ ಕಟ್ಟಿದ ಹಣ ವಾಪಸ್ ಇಲ್ಲ’ ಅಂತ ಫಾರಂನಲ್ಲಿ ಅಚ್ಚಾಗಿದೆಯಲ್ಲ ಅಂತ ಕೇಳುತ್ತೀರಿ, ಅಲ್ವಾ? ಅಚ್ಚಾದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕಲಂ 2(46) ‘ನ್ಯಾಯಸಮ್ಮತವಲ್ಲದ ಕರಾರು’ ಯಾವುದು ಎಂದು ಹೇಳುತ್ತದೆ. ಗ್ರಾಹಕರಿಗೆ ಅನನುಕೂಲ ಮಾಡುವ ಅಸಮಂಜಸ ಷರತ್ತು ಅದರಲ್ಲಿ ಬರುತ್ತದೆ. ಇಲ್ಲಿ ತುಂಬ ಜನ ಎಡವುವುದು ವೇದಿಕೆ ಯಾವುದು ಅನ್ನುವುದರಲ್ಲಿ. ಷರತ್ತನ್ನೇ ರದ್ದು ಮಾಡಿಸಬೇಕು ಅಂದರೆ ದೂರು ಹೋಗುವುದು ರಾಜ್ಯ ಗ್ರಾಹಕ ಆಯೋಗಕ್ಕೆ. ಸೇವೆಯಲ್ಲಿ ಕೊರತೆ ಆಗಿದೆ, ಹಣ ಕೊಡಿಸಿ ಅಂತ ಕೇಳುವುದಾದರೆ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗವೇ ಸಾಕು. ಕಟ್ಟಿದ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗದ ಮುಂದೆ ಹೋಗಬೇಕು. ಸಹಾಯವಾಣಿಯಲ್ಲಿ ಮಾತುಕತೆ ನಡೆಯುತ್ತಿದೆ ಅಂತ ಆ ಗಡುವು ತಾನಾಗಿ ನಿಲ್ಲುವುದಿಲ್ಲ.