ಮೊದಲು ಗೋದಲಿ ನೋಡಿ

ಚನ್ನರಾಯಪಟ್ಟಣದ ಕಡೆ ನಮ್ಮೂರಿನ ಡೈರಿ ಮುಂದೆ ಬೆಳಗಿನ ಹೊತ್ತು ಆಗಾಗ ಒಂದು ಮಾತು ಕಿವಿಗೆ ಬೀಳುತ್ತದೆ: "ಕರು ಹಾಕಿ ನಾಲ್ಕು ತಿಂಗಳಾಯ್ತು, ಇನ್ನೂ ಬೆದೆಗೇ ಬಂದಿಲ್ಲ." ಜಾಸ್ತಿ ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸುಗಳ ಬಗ್ಗೆಯೇ ಈ ದೂರು ಹೆಚ್ಚು. ಪಶುವೈದ್ಯರು ಬಂದರೆ ಮೊದಲು ಗೋದಲಿ ನೋಡುತ್ತಾರೆ. ಹಿಂಡಿ ಎಷ್ಟು, ಬೂಸಾ ಎಷ್ಟು, ಹಸಿ ಹುಲ್ಲು ಇದೆಯಾ ಎಂದು ಕೇಳುತ್ತಾರೆ. ಸೊಂಟದ ಮೂಳೆ ಎದ್ದು ಕಾಣುತ್ತಿದೆಯೇ ಎಂದು ಗಮನಿಸುತ್ತಾರೆ.

ಕಾರಣವಿದೆ. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲಿಗೆ ಹೋಗುವಷ್ಟು ಶಕ್ತಿ ಮೇವಿನಿಂದ ಸಿಗುವುದಿಲ್ಲ. ಮೈಯ ಕೊಬ್ಬು ಕರಗುತ್ತದೆ. ಆಗ ಇನ್ನೊಂದು ಗಬ್ಬಕ್ಕೆ ಒಪ್ಪದಿರುವುದು ಹಸುವಿನ ಮೆದುಳು.

ಹೌದು, ಮೆದುಳು. ಅದರ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಮನುಷ್ಯರಲ್ಲಿ ಬಾದಾಮಿಯಷ್ಟು ದೊಡ್ಡದು. ಹಸಿವು, ಬಾಯಾರಿಕೆ, ಮೈಬಿಸಿ ಎಲ್ಲ ಅದರದ್ದೇ ಉಸ್ತುವಾರಿ. ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುವ ನರಕೋಶಗಳು ಇರುವುದೂ ಮುಖ್ಯವಾಗಿ ಅಲ್ಲೇ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಈ ಕೆಲಸದವು ಒಂದೆರಡು ಸಾವಿರ ಮಾತ್ರ! ಹಾರ್ಮೋನ್ ಒಂದೇ ಸಮ ಹರಿಯುವುದಿಲ್ಲ. ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ, ತಾಳ ಹಾಕಿದ ಹಾಗೆ, ಒಂದೊಂದು ಗುಟುಕು ಹೊರಬರುತ್ತದೆ. ಆ ತಾಳ ಮೆದುಳಿನ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಗೆ ಮುಟ್ಟುತ್ತದೆ. ಅಲ್ಲಿಂದ ಹೆಂಗಸರಲ್ಲಿ ಅಂಡಾಶಯಕ್ಕೆ, ಗಂಡಸರಲ್ಲಿ ವೃಷಣಕ್ಕೆ ಸುದ್ದಿ ಹೋಗುತ್ತದೆ. ತಾಳ ತೀರಾ ನಿಧಾನವಾದರೆ ಅಂಡ ಬಲಿಯುವುದಿಲ್ಲ, ಮುಟ್ಟು ನಿಲ್ಲುತ್ತದೆ.

ಮೈಯಲ್ಲಿ ಎಷ್ಟು ಕೊಬ್ಬು ಕೂಡಿಟ್ಟಿದೆ ಎಂದು ಈ ಕೋಶಗಳಿಗೆ ಹೇಗೆ ಗೊತ್ತಾಗಬೇಕು? ಉತ್ತರ ಒಂದು ದಪ್ಪ ಇಲಿಯಿಂದ ಸಿಕ್ಕಿತು. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಈ ತಳಿ ಕಣ್ಣಿಗೆ ಬಿತ್ತು. ಎಷ್ಟು ತಿಂದರೂ ಅದಕ್ಕೆ ಹಸಿವು, ಮರಿಗಳಂತೂ ಇಲ್ಲ. ಅದರಲ್ಲಿ ಏನು ಕೆಟ್ಟಿದೆ ಎಂದು ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿದ್ದು 1994ರಲ್ಲಿ. ಕೊಬ್ಬಿನ ಕೋಶಗಳೇ ಒಂದು ಹಾರ್ಮೋನ್ ಮಾಡುತ್ತವೆ. ಹೆಸರು ಲೆಪ್ಟಿನ್. ಮೈಯಲ್ಲಿ ದಾಸ್ತಾನು ಇದೆ ಎಂದು ಮೆದುಳಿಗೆ ತಿಳಿಸುವುದು ಅದು. ಈ ಇಲಿಯಲ್ಲಿ ಲೆಪ್ಟಿನ್ನೇ ಆಗುತ್ತಿರಲಿಲ್ಲ. ಮೈತುಂಬ ಕೊಬ್ಬು, ಆದರೆ ಮೆದುಳಿನ ಲೆಕ್ಕದಲ್ಲಿ ಬರಗಾಲ!

ಲೆಪ್ಟಿನ್ ಚುಚ್ಚಿದಾಗ ಹೆಣ್ಣಿಲಿಗಳು ಗಬ್ಬವಾದವು. ಬರೀ ಮೇವು ಕಡಿಮೆ ಮಾಡಿ ತೆಳ್ಳಗೆ ಮಾಡಿದವು ಆಗಲಿಲ್ಲ. ನನ್ನನ್ನು ತುಂಬ ಹಿಡಿದಿಟ್ಟ ಸಂಗತಿ ಇದು. ಬರೀ ತೂಕ ಇಳಿದರೆ ಸಾಲದು, ಸುದ್ದಿ ಮೆದುಳಿಗೆ ಮುಟ್ಟಬೇಕು.

ಆ ಸುದ್ದಿ ನೇರವಾಗಿಯೂ ಹೋಗುವುದಿಲ್ಲ. ಜಿಎನ್‌ಆರ್‌ಎಚ್ ಕೋಶಗಳಿಗೆ ಲೆಪ್ಟಿನ್ ಮಾತು ಕೇಳುವ ಕಿವಿಯೇ ಇಲ್ಲ. ನಡುವೆ ಬೇರೆ ನರಕೋಶಗಳು ಮಾತು ದಾಟಿಸುತ್ತವೆ. ಅವುಗಳಲ್ಲಿ ಮುಖ್ಯವಾದವು ಕಿಸ್‌ಪೆಪ್ಟಿನ್ ಎಂಬ ವಸ್ತು ಮಾಡುವ ಕೋಶಗಳು. ಕಿಸ್‌ಪೆಪ್ಟಿನ್ ಮಾತು ಕೇಳುವ ಕಿವಿ, ಅಂದರೆ ಅದರ ರಿಸೆಪ್ಟರ್, ಕೆಟ್ಟಿರುವ ಮಕ್ಕಳು ತಾವಾಗಿ ಮೈನೆರೆಯುವುದಿಲ್ಲ ಎಂದು 2003ರಲ್ಲಿ ತಿಳಿಯಿತು.

ಹಾಗಾದರೆ ದಪ್ಪಗಿದ್ದಷ್ಟೂ ಒಳ್ಳೆಯದಾ? ಅಲ್ಲ. ಕೊಬ್ಬು ತೀರಾ ಜಾಸ್ತಿಯಾದರೆ ಲೆಪ್ಟಿನ್ ಎಷ್ಟಿದ್ದರೂ ಮೆದುಳು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ರಕ್ತದಲ್ಲಿ ಏರಿದ ಇನ್ಸುಲಿನ್ ಅಂಡಾಶಯವನ್ನೂ ಕೆಣಕುತ್ತದೆ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ದಪ್ಪ ಮೈಯ ಎಷ್ಟೋ ಹೆಣ್ಣುಮಕ್ಕಳಿಗೆ ತೂಕ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಮುಟ್ಟು ಸರಿಹೋಗುವುದುಂಟು.

ನನ್ನ ತಂಗಿಯ ಮಗಳು ಪೊಲೀಸ್ ಕೆಲಸಕ್ಕೆಂದು ಹಾಸನದಲ್ಲಿ ರೂಮು ಮಾಡಿಕೊಂಡು ದಿನಾ ಓಡುತ್ತಿದ್ದಳು. ರಾತ್ರಿ ಊಟ ಬಿಟ್ಟಿದ್ದಳು. ಐದು ತಿಂಗಳು ಮುಟ್ಟು ನಿಂತಿತು. "ಗರ್ಭಕೋಶ ವೀಕು" ಅಂದರು ನೆಂಟರು. ಹುಡುಗಿ ಮಂಕಾದಳು. ನನಗೆ ಇವತ್ತಿಗೂ ಸಂಕಟ ಅದೇ. ಹಸು ಬೆದೆಗೆ ಬಾರದಿದ್ದರೆ ಅದರ ಮೇವು ಕೇಳುವ ನಾವು, ಹುಡುಗಿಯ ತಟ್ಟೆಯನ್ನು ನೋಡಲೇ ಇಲ್ಲ ಅಲ್ವಾ?

ಡಾಕ್ಟರಮ್ಮ ಥೈರಾಯ್ಡ್ ನೋಡಿದರು, ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಿತ್ತು. ಮಾತ್ರೆ ಬರೆಯಲಿಲ್ಲ. ಮೂರು ಹೊತ್ತೂ ಉಣ್ಣಬೇಕು, ಓಟ ಸ್ವಲ್ಪ ಕಡಿಮೆ ಮಾಡಬೇಕು ಅಂದರು. ಅಲ್ಲಿಂದ ನಾಲ್ಕನೇ ತಿಂಗಳು ಮುಟ್ಟು ಬಂತು. ಸಾಲಾಗಿ ಮೂರು ತಿಂಗಳು ಮುಟ್ಟಾಗದಿದ್ದರೆ ಸುಮ್ನೆ ಕಾಯಬೇಡಿ ಎಂದು ಅವರು ಅವಳ ಅಮ್ಮನಿಗೆ ಹೇಳಿ ಕಳಿಸಿದರು.