ಬೌನ್ಸ್ ಆದ ಚೆಕ್ಕು, ಎಂಟು ಸಲ ಬಂದ ಕನಸು

ಬೆಂಗಳೂರಿನ ಕಾಲೇಜುಗಳ ಭಾಷಣ ಸ್ಪರ್ಧೆಗೆ ಹೋದರೆ ಅಮೆರಿಕದ ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ‘ನನಗೊಂದು ಕನಸಿದೆ’ ಎಂಬ ಮಾತು ಒಂದಲ್ಲ ಒಂದು ಸಲ ಕಿವಿಗೆ ಬೀಳುತ್ತದೆ. ಅದೇ ಭಾಷಣದಲ್ಲಿ ಕನಸಿಗಿಂತ ಮೊದಲು ಬರುವ ಚೆಕ್ಕಿನ ಮಾತನ್ನು ಮಾತ್ರ ಮಕ್ಕಳು ಹೇಳಿದ್ದು ನಾನು ಕೇಳಿಲ್ಲ. ನನ್ನ ಪ್ರಕಾರ ಭಾಷಣದ ಬುದ್ಧಿವಂತಿಕೆ ಇರುವುದು ಅಲ್ಲೇ.

1963ರ ಆಗಸ್ಟ್ 28. ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮುಂದೆ ಸುಮಾರು ಎರಡೂವರೆ ಲಕ್ಷ ಜನ. ಗುಲಾಮರ ಬಿಡುಗಡೆಯ ಘೋಷಣೆಗೆ ಅಧ್ಯಕ್ಷ ಲಿಂಕನ್ ಸಹಿ ಹಾಕಿ ನೂರು ವರ್ಷವಾಗಿತ್ತು. ದೇಶ ಕಟ್ಟಿದವರು ಸ್ವಾತಂತ್ರ್ಯ ಕೊಡುತ್ತೇವೆಂದು ಎಲ್ಲರಿಗೂ ಬರೆದುಕೊಟ್ಟಿದ್ದರು, ಆದರೆ ಕಪ್ಪು ಜನರ ಕೈಗೆ ಬಂದ ಚೆಕ್ಕು ‘ಖಾತೆಯಲ್ಲಿ ಹಣವಿಲ್ಲ’ ಎಂದು ವಾಪಸಾಯಿತು ಎಂದರು ಕಿಂಗ್. ಚೆಕ್ ಬೌನ್ಸ್ ಆದರೆ ತಪ್ಪು ಯಾರದು? ಕೊಟ್ಟವರದ್ದು, ಅಲ್ವಾ? ಇದನ್ನು ಕಿಂಗ್ ಬಿಡಿಸಿ ಹೇಳಬೇಕಾಗಲಿಲ್ಲ. ಕೇಳುವವರೇ ಲೆಕ್ಕ ಹಾಕಿಕೊಂಡರು. ನಾವೇ ಹಾಕಿದ ಲೆಕ್ಕವನ್ನು ನಾವು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಷ್ಟಕ್ಕೆ ಬೇಡಿಕೆಯ ಬಣ್ಣವೇ ಬದಲಾಯಿತು. ಅಲ್ಲಿದ್ದವರು ದಯೆ ಕೇಳುತ್ತಿರಲಿಲ್ಲ, ಬಾಕಿ ವಸೂಲಿಗೆ ಬಂದಿದ್ದರು.

ಇನ್ನು ಕನಸು. ಆ ಸಾಲು ಎಂಟು ಸಲ ಬರುತ್ತದೆ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸುವುದು ಜಾಸ್ತಿ ಎಂದು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ತೋರಿಸಿದ್ದಾರೆ. ಆದರೆ ಇಲ್ಲಿಗೆ ಅದು ಪೂರ್ತಿ ಹೊಂದುವುದಿಲ್ಲ. ಕನಸಿದೆ ಎಂಬ ಮಾತಿನಲ್ಲಿ ನಿಜ, ಸುಳ್ಳು ಅಳೆಯುವುದೇನನ್ನು? ಇಲ್ಲಿ ಕೆಲಸ ಮಾಡಿದ್ದು ಲಯ. ಫ್ರೀಡಂ ಪಾರ್ಕಿನ ಧರಣಿಯಲ್ಲಿ ಒಬ್ಬರು ‘ಬೇಕೇ ಬೇಕು’ ಅಂದರೆ ಸಾಕು, ‘ನ್ಯಾಯ ಬೇಕು’ ಎಂದು ಉಳಿದವರು ತಾವಾಗಿಯೇ ಕೂಗುತ್ತಾರಲ್ಲ, ಹಾಗೆ. ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. ಬೋಧಕರ ಮಾತಿಗೆ ಜನ ಕೂತಲ್ಲಿಂದಲೇ ದನಿಗೂಡಿಸುವುದು ಅವರ ಚರ್ಚಿನಲ್ಲಿ ದಿನನಿತ್ಯದ ರೂಢಿ. ಅಂದಹಾಗೆ, ಅವತ್ತು ಬರೆದು ತಂದಿದ್ದ ಹಾಳೆಯಲ್ಲಿ ಕನಸಿನ ಭಾಗ ಇರಲೇ ಇಲ್ಲ. ‘ಕನಸಿನ ಬಗ್ಗೆ ಹೇಳು, ಮಾರ್ಟಿನ್’ ಎಂದು ಗಾಯಕಿ ಮಹಾಲಿಯಾ ಜಾಕ್ಸನ್ ಹತ್ತಿರದಿಂದ ಕೂಗಿದರು ಎನ್ನುತ್ತಾರೆ. ಹಾಗಂತ ಅದು ಆ ಕ್ಷಣಕ್ಕೆ ಹುಟ್ಟಿದ ಮಾತೂ ಅಲ್ಲ. ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಅದನ್ನೇ ಹೇಳಿ ಜನರ ನಾಡಿ ನೋಡಿದ್ದರು.

ಚಪ್ಪಾಳೆಗೂ ಒಂದು ಲೆಕ್ಕವಿದೆ. ಒಬ್ಬರೇ ಚಪ್ಪಾಳೆ ತಟ್ಟಲು ಯಾರಿಗಾದರೂ ಮುಜುಗರ. ಎಲ್ಲರೂ ಯಾವಾಗ ತಟ್ಟುತ್ತಾರೆ ಎಂಬ ಸುಳಿವು ಮೊದಲೇ ಸಿಗಬೇಕು. ಬ್ರಿಟನ್ನಿನ ಪಕ್ಷಗಳ ಸಮಾವೇಶಗಳಲ್ಲಿ ನಡೆದ 476 ಭಾಷಣಗಳನ್ನು ಹೆರಿಟೇಜ್ ಮತ್ತು ಗ್ರೇಟ್‌ಬ್ಯಾಚ್ 1986ರಲ್ಲಿ ಪರಿಶೀಲಿಸಿದರು. ಮೂರನೇ ಎರಡು ಭಾಗದಷ್ಟು ಚಪ್ಪಾಳೆ ಬಿದ್ದದ್ದು ಏಳು ಬಗೆಯ ಮಾತಿನ ಕಟ್ಟುಗಳಿಗೆ. ಎರಡು ವಿಚಾರಗಳನ್ನು ಎದುರುಬದುರು ಇಡುವುದು ಅವುಗಳಲ್ಲಿ ಒಂದು, ಮೂರರ ಪಟ್ಟಿ ಮತ್ತೊಂದು. ತನ್ನ ಮಕ್ಕಳನ್ನು ಚರ್ಮದ ಬಣ್ಣದಿಂದಲ್ಲ, ಗುಣದಿಂದ ಅಳೆಯುವ ದಿನ ಬರಲಿ ಎಂದರಲ್ಲ ಕಿಂಗ್, ಅದು ಮೊದಲನೆಯ ಕಟ್ಟು. ‘ಬಣ್ಣದಿಂದಲ್ಲ’ ಎಂದ ಕೂಡಲೇ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ಗುಂಪಿಗೆ ಗೊತ್ತಾಗುತ್ತದೆ, ಕೈಗಳು ಸಿದ್ಧವಾಗುತ್ತವೆ.

ಇಷ್ಟೆಲ್ಲ ಆದರೂ ವಿರೋಧಿಗಳ ಮನಸ್ಸು ಕರಗಿತೇ? ಅಷ್ಟಾಗಿ ಇಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 63ರಷ್ಟು ಅಮೆರಿಕನ್ನರಿಗೆ ಕಿಂಗ್ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನನಗನ್ನಿಸುವಂತೆ ಭಾಷಣ ಗಟ್ಟಿ ಮಾಡಿದ್ದು ಆಗಲೇ ಒಪ್ಪಿ ಬಂದವರನ್ನು. ಬಣ್ಣ ನೋಡಿ ಭೇದ ಮಾಡುವುದನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾನೂನು ಬಂದದ್ದು 1964ರ ಜುಲೈ 2ರಂದು, ಅದೂ ಸೆನೆಟ್‌ನಲ್ಲಿ ವಾರಗಟ್ಟಲೆ ಮಸೂದೆಯನ್ನು ತಡೆದು ಕೂತಿದ್ದವರನ್ನು ಮತ ಹಾಕಿ ಸೋಲಿಸಿದ ಮೇಲೆ.