ನಾಲಿಗೆ ಮೇಲೆ ಗೂಬೆ ಕೂರಿಸಬೇಡಿ

ಕೊರಿಯನ್ನರಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುವುದು ನನ್ನ ಕೆಲಸ. ಬರುವವರೆಲ್ಲರದ್ದೂ ಒಂದೇ ದೂರು: ‘ನಮಗೆ ಆರ್, ಎಲ್ ಬರುವುದಿಲ್ಲ. ನಮ್ಮ ನಾಲಿಗೆಯೇ ಹಾಗೆ.’ ಕೇಳಿ ಕೇಳಿ ಸಾಕಾಗಿದೆ. 2000ದ ದಶಕದ ಶುರುವಿನಲ್ಲಿ ದಕ್ಷಿಣ ಕೊರಿಯಾದ ಕೆಲವು ತಂದೆತಾಯಿ ಇಂಗ್ಲಿಷ್‌ಗಾಗಿ ಮಕ್ಕಳ ನಾಲಿಗೆ ಕೆಳಗಿನ ಪೊರೆಯನ್ನೇ ಕತ್ತರಿಸಿದ್ದು ದೇಶ ವಿದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಆ ಪೊರೆ ನಿಜವಾಗಿ ಬಿಗಿಯಾಗಿರುವ ಮಕ್ಕಳೂ ಇದ್ದಾರೆ. ಅದನ್ನು ಡಾಕ್ಟರು ನೋಡಿ ಹೇಳಬೇಕು. ಆದರೆ ಇಡೀ ದೇಶದ ನಾಲಿಗೆಯೇ ಗಿಡ್ಡ ಅಂದರೆ ಹೇಗೆ?

ಅವರ ಭಾಷೆಯನ್ನೇ ನೋಡಿ. ಮಾತಿಗೆ ಅವರು ‘ಮಾಲ್’ ಅನ್ನುತ್ತಾರೆ. ಅದು ವಾಕ್ಯದ ಕರ್ತೃವಾಗಿ ‘ಇ’ ಸೇರಿದರೆ ಕೇಳಿಸುವುದು ‘ಮಾರಿ’. ಬರೆಯುವ ಅಕ್ಷರ ಒಂದೇ. ಕೊನೆಯಲ್ಲಿ ನಿಂತರೆ ಲ ಥರ, ಎರಡು ಸ್ವರಗಳ ನಡುವೆ ಸಿಕ್ಕಿದರೆ ರ ಥರ. ಅಂದರೆ ನಾಲಿಗೆ ಎರಡನ್ನೂ ದಿನವಿಡೀ ಮಾಡುತ್ತಲೇ ಇದೆ! ಯಾವುದು ಬರಬೇಕು ಅಂತ ಜಾಗವೇ ತೀರ್ಮಾನಿಸುವುದರಿಂದ ಕಿವಿ ಅವೆರಡನ್ನು ಬೇರೆ ಅಂತ ಎಣಿಸುವುದಿಲ್ಲ, ಅಷ್ಟೇ. ಇಂಗ್ಲಿಷಿನ ಆರ್ ಸ್ವಲ್ಪ ಬೇರೆ, ನಾಲಿಗೆ ತುದಿ ಎಲ್ಲೂ ತಾಗುವುದಿಲ್ಲ, ಒಪ್ಪಿದೆ. ಅದು ನಮ್ಮ ರ ಕೂಡ ಅಲ್ಲ. ಅಮೆರಿಕಕ್ಕೆ ವಲಸೆ ಹೋದ 240 ಕೊರಿಯನ್ನರ ಇಂಗ್ಲಿಷನ್ನು ಪರೀಕ್ಷಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಎಷ್ಟು ಚಿಕ್ಕ ವಯಸ್ಸಿಗೆ ಹೋಗಿದ್ದರೋ ಆಕ್ಸೆಂಟ್ ಅಷ್ಟು ಕಡಿಮೆ. ಯಾರೂ ನಾಲಿಗೆ ಬದಲಾಯಿಸಿಕೊಂಡು ಹೋಗಿರಲಿಲ್ಲವಲ್ಲ!

ಈ ಆರ್ ಗೋಜಿನಲ್ಲಿ ಬೇರೆ ತೊಡಕುಗಳು ಕಣ್ಣಿಗೇ ಬೀಳುವುದಿಲ್ಲ. ಕೊರಿಯನ್‌ನಲ್ಲಿ ‘ಸ್ಟ್ರ’ ಥರದ ಒತ್ತಕ್ಷರ ಇಲ್ಲ. ಪದದ ಕೊನೆಗೆ ನಿಲ್ಲಬಲ್ಲ ವ್ಯಂಜನಗಳು ಏಳೇ, ಅದರಲ್ಲಿ ‘ಸ್’ ಇಲ್ಲ. ಹಾಗಾಗಿ ತುಟಿ ದುಂಡಗೆ ಮಾಡದ ಒಂದು ‘ಉ’ ಅಲ್ಲಲ್ಲಿ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಸ್ಟ್ರೈಕ್’ ಒಂದೇ ಸಿಲಬಲ್. ಇವರ ಬಾಯಲ್ಲಿ ಐದು: ಸು-ತು-ರಾ-ಇ-ಕು. ನಾವೂ ಬಸ್ಸು, ಕಾರು ಅನ್ನುತ್ತೇವೆ ಅಲ್ವಾ? ನಾನು ಮೊದಲು ಹಿಡಿಯುವುದು ಈ ಉಕಾರವನ್ನು. ಕೆಲವರಿಗೆ ಸಿಟ್ಟು: ‘ಆರ್ ಯಾವಾಗ?’

‘ಕ್’ ಆದಮೇಲೆ ‘ಮ’ ಬಂದರೆ ಆ ‘ಕ್’ ಮೂಗಿಗೆ ಏರುತ್ತದೆ, ಅದೂ ಇದೆ. ನನ್ನ ಶಿಷ್ಯರೊಬ್ಬರು, ಒಳ್ಳೆಯ ಎಂಜಿನಿಯರ್, ಸಹೋದ್ಯೋಗಿಗೆ ‘ಪಿಕ್ ಮಿ ಅಪ್’ ಅಂದರು. ಆತನಿಗೆ ಕೇಳಿಸಿದ್ದು ‘ಪಿಂಗ್ ಮಿ’. ಕಾರು ತರುವ ಬದಲು ಪುಣ್ಯಾತ್ಮ ಮೆಸೇಜ್ ಕಳಿಸಿದ. ಇವರು ಸುಮ್ನೆ ಮಳೆಯಲ್ಲಿ ನಿಂತರು. ಇವರ ಆರ್ ಮಾತ್ರ ಅಮೆರಿಕನ್ನರದ್ದೇ!

ಇದನ್ನೆಲ್ಲ ತಿದ್ದಿದರೂ ಆಕ್ಸೆಂಟ್ ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ದೊಡ್ಡವರಾದ ಮೇಲೆ ಕಲಿತವರಲ್ಲಿ ಅದು ಸಾಮಾನ್ಯವಾಗಿ ಉಳಿಯುತ್ತದೆ. ಉಳಿದರೂ ಮಾತು ಸಲೀಸಾಗಿ ಅರ್ಥವಾಗಬಹುದು. ಕೇಳುವವರ ಪಾಲೂ ಇದೆ. ಡೊನಾಲ್ಡ್ ರೂಬಿನ್ ಅವರ 1992ರ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಒಬ್ಬಳದೇ ದನಿಯ ಪಾಠ ಕೇಳಿಸಿದರು. ಕೆಲವರಿಗೆ ತೋರಿಸಿದ್ದು ಬಿಳಿಯ ಹೆಂಗಸಿನ ಫೋಟೊ, ಕೆಲವರಿಗೆ ಏಷ್ಯಾದ ಹೆಂಗಸಿನದು. ಏಷ್ಯಾದ ಮುಖ ಕಂಡವರಿಗೆ ಪರದೇಶದ ಆಕ್ಸೆಂಟ್ ಕೇಳಿಸಿತು. ಓದಿದಾಕೆ ಅಮೆರಿಕದಲ್ಲೇ ಬೆಳೆದವಳು. ಅಂಥ ಕೇಳುಗರಿಗೂ ಕ್ಲಾಸು ತೆಗೆದುಕೊಳ್ಳಲು ನಾನು ತಯಾರು. ಫೀಸು ಮಾತ್ರ ಸ್ವಲ್ಪ ಜಾಸ್ತಿ.